ರೊಟ್ಟಿ ಒತ್ತುವ ಮಷಿನ್: ಮನೆ ವ್ಯಾಪಾರಕ್ಕೆ ತಗೊಳ್ಳಬಹುದಾ?

ಮೊದಲೇ ಹೇಳಿಬಿಡುತ್ತೇನೆ. ದಿನಕ್ಕೆ 150 ರೊಟ್ಟಿಗಿಂತ ಕಡಿಮೆ ಮಾರುವವರು ಈ ಮಷಿನ್ ತಗೊಳ್ಳಬೇಡಿ. 250 ದಾಟಿದವರು ತಗೊಳ್ಳಿ. ಆದರೆ ಅದಕ್ಕೂ ಮುಂಚೆ ಇನ್ನೆರಡು ಹಂಚು, ಇನ್ನೆರಡು ಒಲೆ ತಗೊಳ್ಳಿ. ಯೂಟ್ಯೂಬ್‌ನಲ್ಲಿ ಈ ಮಷಿನ್‌ನ ವಿಡಿಯೋಗಳು ಬೇಕಾದಷ್ಟಿವೆ. ಎಲ್ಲದರಲ್ಲೂ ಒಬ್ಬರು ಉಂಡೆ ಇಡುತ್ತಾರೆ, ಒತ್ತುತ್ತಾರೆ, ದುಂಡಗೆ ರೊಟ್ಟಿ ಬರುತ್ತದೆ, ಅಲ್ಲಿಗೆ ವಿಡಿಯೋ ಮುಗಿಯುತ್ತದೆ. ಆ ರೊಟ್ಟಿ ಬೇಯುವುದನ್ನು ಯಾರೂ ತೋರಿಸುವುದಿಲ್ಲ. ತಕರಾರು ಇರುವುದೇ ಅಲ್ಲಿ.

ನಮ್ಮದು ಕಲಬುರಗಿ. ಆಳಂದ ರಸ್ತೆ ಕಡೆ ಸಣ್ಣ ಮನೆ, ಹಿಂದೆ ತಗಡಿನ ಶೆಡ್. ನಾನು, ನಮ್ಮ ಅತ್ತೆ, ಜೊತೆಗೆ ಓಣಿಯ ಇಬ್ಬರು ಹೆಣ್ಣುಮಕ್ಕಳು. ಒಬ್ಬರನ್ನು ಅಕ್ಕ ಅನ್ನುತ್ತೇನೆ, ಇನ್ನೊಬ್ಬರನ್ನು ವೈನಿ. ಖಡಕ್ ಜೋಳದ ರೊಟ್ಟಿ ನಮ್ಮ ಮುಖ್ಯ ಮಾಲು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಕೂಡ ಮಾಡುತ್ತೇವೆ. ಹಿಂಡಿ ಅಂದರೆ ನಮ್ಮ ಕಡೆ ಚಟ್ನಿಪುಡಿ. ರಿಂಗ್ ರೋಡಿನ ಎರಡು ಖಾನಾವಳಿಗೆ, ರೂಮ್ ಮಾಡಿಕೊಂಡು ಓದುವ ಹುಡುಗರಿಗೆ, ಒಂದೆರಡು ಹಾಸ್ಟೆಲ್‌ಗೆ ಕೊಡುತ್ತೇವೆ. ಬೆಂಗಳೂರು, ಪುಣೆಯಲ್ಲಿ ಮಕ್ಕಳಿರುವ ಮನೆಯವರು ಬಂದು ಕಟ್ಟಿಸಿಕೊಂಡು ಹೋಗುತ್ತಾರೆ. ಸಾಧಾರಣ ದಿನ 300 ರೊಟ್ಟಿ. ಲಗ್ನದ ಸೀಸನ್ ಬಂದರೆ ಇದರ ಮೂರು ಪಟ್ಟು ಆಗುವುದೂ ಉಂಟು.

2025ರ ಜೂನ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಕಲಬುರಗಿ ರೊಟ್ಟಿಯ ಬಗ್ಗೆ ಮಾತಾಡಿದ್ದು ನಿಮಗೆ ನೆನಪಿರಬಹುದು. ಇಲ್ಲಿಯ ಹೆಣ್ಣುಮಕ್ಕಳು ಕೂಡಿ ದಿನಕ್ಕೆ 3,000ಕ್ಕಿಂತ ಜಾಸ್ತಿ ರೊಟ್ಟಿ ಮಾಡುತ್ತಾರೆ, ಬೆಂಗಳೂರಿನಲ್ಲಿ ಕೌಂಟರ್ ಇದೆ, ಆನ್‌ಲೈನ್ ಆರ್ಡರ್ ಬರುತ್ತದೆ ಅಂತ ಹೇಳಿದ್ದರು. ಅದಾದ ಮೇಲೆ ನಮ್ಮ ಓಣಿಯಲ್ಲಿ ಎಲ್ಲರಿಗೂ ರೊಟ್ಟಿ ವ್ಯಾಪಾರದ ಯೋಚನೆ. ಬೀಗರ ಮನೆಗೆ ಹೋದರೂ ಅದೇ ಮಾತು: "ಮಷಿನ್ ತಗೊಂಡೀರಂತಲ್ರಿ, ಹ್ಯಾಂಗ ಅದ?" ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದು ಇಡುತ್ತಿದ್ದೇನೆ.

ನಾವು ತಗೊಂಡಿದ್ದು ಮೋಟಾರ್ ಇರುವ ಒತ್ತುವ ಮಷಿನ್. ಬೇರೆ ಜಿಲ್ಲೆಯ ಒಂದು ಸಣ್ಣ ವರ್ಕ್‌ಶಾಪಿನವರು ಮಾಡಿದ್ದು. ಅವರ ಹೆಸರು ಬರೆಯುವುದಿಲ್ಲ. ಇದೇ ನಮೂನೆಯನ್ನು ಬೇರೆ ಬೇರೆ ಸ್ಟಿಕ್ಕರ್ ಹಚ್ಚಿ ಎಷ್ಟೋ ಜನ ಮಾರುತ್ತಾರೆ. 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್. ಕೆಳಗೊಂದು ದುಂಡನೆಯ ಸ್ಟೀಲ್ ಪ್ಲೇಟ್, ಮೇಲೊಂದು. ನಡುವೆ ಎರಡು ಪ್ಲಾಸ್ಟಿಕ್ ಹಾಳೆ. ಹಾಳೆಗಳ ನಡುವೆ ಉಂಡೆ ಇಟ್ಟು ಕಾಲಲ್ಲಿ ಪೆಡಲ್ ತುಳಿದರೆ ಮೇಲಿನ ಪ್ಲೇಟ್ ಇಳಿದು, ಒತ್ತಿ, ಮತ್ತೆ ಏಳುತ್ತದೆ. ದಪ್ಪ ಹೆಚ್ಚು ಕಡಿಮೆ ಮಾಡಲು ಪಕ್ಕದಲ್ಲಿ ಒಂದು ಸ್ಕ್ರೂ. ರೊಟ್ಟಿ 9 ಇಂಚು ಬರುತ್ತದೆ. ಬೆಲೆ 42,000 ರೂಪಾಯಿ, ಲಾರಿ ಬಾಡಿಗೆ ಬೇರೆ.

ಪ್ಲೇಟ್ ಬಿಸಿಯಾಗುವ ಇನ್ನೊಂದು ಮಾದರಿಯೂ ಇದೆ. ಅದನ್ನೂ ನೋಡಿದ್ದೆವು. ಚಪಾತಿಗೆ ಚೆನ್ನಾಗಿ ಓಡುತ್ತಿತ್ತು. ಜೋಳದ ಉಂಡೆ ಇಟ್ಟಾಗ ಅಂಚೆಲ್ಲ ಸೀಳಿತು. ಮಾರುವವರು "ಹಿಟ್ಟಿಗೆ ಸ್ವಲ್ಪ ಗೋಧಿ ಸೇರಿಸಿ ಮೇಡಂ" ಅಂದರು. ಗೋಧಿ ಸೇರಿಸಿದ ಮೇಲೆ ಅದನ್ನು ಜೋಳದ ರೊಟ್ಟಿ ಅಂತ ಹೇಗೆ ಮಾರುವುದು?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಗಡಿಯಾರ ಇಟ್ಟುಕೊಂಡು ನೋಡಿ ಬರೆಯುತ್ತಿದ್ದೇನೆ. ನಮ್ಮ ಅಕ್ಕನಿಗೆ ಒಂದು ರೊಟ್ಟಿ ಬಡಿಯಲು ಒಂದು ನಿಮಿಷ ಸಾಕು. ಹಂಚಿನ ಮೇಲೆ ಅದು ಬೇಯಲು ಒಂದೂವರೆ ನಿಮಿಷ. ಹಂಚಿಗೆ ಹಾಕಬೇಕು, ಒದ್ದೆ ಅರಿವೆಯಿಂದ ಮೇಲೆ ನೀರು ಸವರಬೇಕು, ನೀರು ಆರಿದ ಮೇಲೆ ತಿರುವಬೇಕು, ಉಬ್ಬಿಸಬೇಕು. ಹಾಗಾಗಿ ಒಂದು ಹಂಚಿನಲ್ಲಿ ತಾಸಿಗೆ 40 ರೊಟ್ಟಿ. ಏನೇ ಮಾಡಿದರೂ ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಉರಿ ಜೋರು ಮಾಡಿದರೆ ಮೇಲೆ ಕಪ್ಪು ಚುಕ್ಕೆ, ಒಳಗೆ ಹಸಿ.

ಮಷಿನ್ ತಾಸಿಗೆ 150 ಉಂಡೆ ಆರಾಮಾಗಿ ಒತ್ತುತ್ತದೆ. ನಿಮ್ಮ ಹತ್ತಿರ ಎರಡೇ ಹಂಚಿದ್ದರೆ ಬೇಯುವುದು 80 ಮಾತ್ರ. ಉಳಿದ 70 ಹಸಿ ರೊಟ್ಟಿಗಳನ್ನು ಎಲ್ಲಿ ಇಡುತ್ತೀರಿ? ಒಂದರ ಮೇಲೊಂದು ಇಟ್ಟರೆ ಅಂಟಿಕೊಳ್ಳುತ್ತವೆ. ಬಿಡಿಬಿಡಿಯಾಗಿ ಇಟ್ಟರೆ ಆರಿ, ಎತ್ತುವಾಗ ಹರಿಯುತ್ತವೆ. ಕೊನೆಗೆ ಮಷಿನ್ ಅರ್ಧ ಹೊತ್ತು ಸುಮ್ನೆ ನಿಂತಿರುತ್ತದೆ. ಕೈಯಲ್ಲಿ ಬಡಿಯುತ್ತಿದ್ದಾಗ ಇಬ್ಬರು ತಮ್ಮ ತಮ್ಮ ಹಂಚಿನ ಮುಂದೆ ಕೂತು, ತಾವೇ ಬಡಿದು ತಾವೇ ಬೇಯಿಸಿ, ತಾಸಿಗೆ 70ರಷ್ಟು ಮಾಡುತ್ತಿದ್ದರು. ಎರಡು ಹಂಚಿನ ಮೇಲೆ ಮಷಿನ್ ತಂದರೆ ಜಾಸ್ತಿ ಆಗುವುದು 10 ರೊಟ್ಟಿ. ಅದಕ್ಕೆ 42,000 ರೂಪಾಯಿ!

ನಾವು ಮಷಿನ್ ಬರುವ ಹೊತ್ತಿಗೆ ಕಬ್ಬಿಣದ ಆಂಗಲ್‌ನಲ್ಲಿ ನಾಲ್ಕು ಒಲೆಯ ಸ್ಟ್ಯಾಂಡ್ ಮಾಡಿಸಿಟ್ಟಿದ್ದೆವು. ಎರಡು ಬರ್ನರ್, ಎರಡು ಹಂಚು, ವೆಲ್ಡಿಂಗ್ ಕೂಲಿ ಸೇರಿ 9,000 ರೂಪಾಯಿ ಆಯಿತು. ಈಗ ಒಬ್ಬರು ಒತ್ತುತ್ತಾರೆ, ಇಬ್ಬರು ಎರಡೆರಡು ಹಂಚು ನೋಡಿಕೊಳ್ಳುತ್ತಾರೆ. ತಾಸಿಗೆ 140 ಬರುತ್ತದೆ. ನನ್ನನ್ನು ಕೇಳಿದರೆ ನಿಜವಾದ ಮಷಿನ್ ಆ ಸ್ಟ್ಯಾಂಡ್. ದುಡ್ಡು ಸ್ವಲ್ಪವೇ ಇದ್ದರೆ ಮೊದಲು ಅದನ್ನೇ ಮಾಡಿಸಿ, ಕೈಯಲ್ಲೇ ಬಡಿಯಿರಿ.

ಬೇಯಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಹಂಚಿನಿಂದ ಇಳಿದಾಗ ಅದು ಇನ್ನೂ ಮೆತ್ತನೆಯ ರೊಟ್ಟಿ. ಖಡಕ್ ಆಗಬೇಕೆಂದರೆ ಸಣ್ಣ ಉರಿಯ ಮೇಲೆ ದಪ್ಪ ಕಬ್ಬಿಣದ ತಗಡು ಇಟ್ಟು, ಸುತ್ತ ರೊಟ್ಟಿ ಆನಿಸಿ ನಿಲ್ಲಿಸಿ, ನೀರಿನಂಶ ಪೂರ್ತಿ ಹೋಗುವ ತನಕ ಕಾಯಬೇಕು. ಬೇಸಿಗೆಯಲ್ಲಿ ಚಿಂತೆಯಿಲ್ಲ. ನಮ್ಮೂರ ಏಪ್ರಿಲ್, ಮೇ ಬಿಸಿಲು 42 ಡಿಗ್ರಿ ದಾಟುತ್ತದೆ, ಅರ್ಧ ಕೆಲಸ ಗಾಳಿಯೇ ಮಾಡಿಬಿಡುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮಾತ್ರ ರಾತ್ರಿ ಖಡಕ್ ಇದ್ದ ರೊಟ್ಟಿ ಬೆಳಗ್ಗೆ ಬಾಗುತ್ತದೆ. ಮತ್ತೆ ಬಿಸಿ ಮಾಡಿ, ಪೂರ್ತಿ ಆರಿಸಿ, ಆಮೇಲೆ ಕಟ್ಟಬೇಕು. ಬಿಸಿ ಇರುವಾಗಲೇ ಕಟ್ಟಿದರೆ ಒಳಗೆ ನೀರು ಬಿಟ್ಟು ಬೂಸು ಹಿಡಿಯುತ್ತದೆ. ಈ ಕೆಲಸಕ್ಕೆ ಮಷಿನ್‌ನಿಂದ ಏನೂ ಸಹಾಯ ಇಲ್ಲ. ಒತ್ತುವುದು ಬೇಗ ಆದಷ್ಟೂ ಇಲ್ಲಿ ರೊಟ್ಟಿ ಗುಡ್ಡೆ ಬೀಳುತ್ತದೆ. ಮಷಿನ್ ಮಾರುವವರು ಹೇಳುವ "ತಾಸಿಗೆ ಇಷ್ಟು" ಅನ್ನುವ ಲೆಕ್ಕ ಹಸಿ ರೊಟ್ಟಿಯ ಲೆಕ್ಕ. ನಮಗೆ ದುಡ್ಡು ಬರುವುದು ಪ್ಯಾಕೆಟ್‌ಗೆ ಹೋದ ರೊಟ್ಟಿಗೆ.

ಹಿಟ್ಟಿನ ವಿಷಯದಲ್ಲಿ ಮಷಿನ್ ತುಂಬಾ ಹಟಮಾರಿ. ಹಿಟ್ಟನ್ನು ಹಿಡಿದಿಡುವ ಗ್ಲುಟನ್ ಅನ್ನುವ ಅಂಶ ಗೋಧಿಯಲ್ಲಿ ಇದೆ, ಜೋಳದಲ್ಲಿ ಇಲ್ಲ. ಕುದಿಯುವ ಎಸರು ಹಾಕಿದಾಗ ಹಿಟ್ಟಿನಲ್ಲಿರುವ ಪಿಷ್ಟ ಬೆಂದು ಅಂಟಾಗುತ್ತದಲ್ಲ, ರೊಟ್ಟಿ ಕೂಡಿಕೊಂಡು ನಿಲ್ಲುವುದು ಅದರಿಂದಲೇ. ನಾವು ಜಿಗಿ ಅನ್ನುತ್ತೇವೆ. ಕೈಯಲ್ಲಿ ಬಡಿಯುವವರು ಜಿಗಿ ಕಡಿಮೆ ಇದ್ದರೂ ಹೇಗೋ ಸಂಭಾಳಿಸುತ್ತಾರೆ. ಅಂಚು ಸೀಳುವಷ್ಟರಲ್ಲಿ ಬೆರಳಿಂದ ಕೂಡಿಸಿಬಿಡುತ್ತಾರೆ. ಮಷಿನ್‌ಗೆ ಬೆರಳಿಲ್ಲ. ಹಿಟ್ಟು ಗಟ್ಟಿಯಾದರೆ ಅಂಚು ಸೀಳುತ್ತದೆ, ಮೆತ್ತಗಾದರೆ ಹಾಳೆ ಬಿಡುವುದಿಲ್ಲ. ಕೈ ರೊಟ್ಟಿಗಿಂತ ಒಂದು ಗುಟುಕು ನೀರು ಜಾಸ್ತಿ ಬೇಕು, ಅಷ್ಟೇ. ಆ ಒಂದು ಗುಟುಕು ಎಷ್ಟು ಅಂತ ತಿಳಿಯುವ ತನಕ ಒಡೆದ ರೊಟ್ಟಿ ಮನೆಯವರೇ ತಿನ್ನಬೇಕು. ನಮ್ಮ ಯಜಮಾನರು ಆಗ ಒಗ್ಗರಣೆ ಹಾಕಿದ ಮುರುಕು ರೊಟ್ಟಿಯ ಮೇಲೇ ಇದ್ದರು.

ಜೋಳವೂ ಒಳ್ಳೆಯದೇ ಬೇಕು. ನಾವು ಗಂಜ್‌ನಲ್ಲಿ, ಅಂದರೆ ಕಾಳುಕಡಿಯ ಮಾರ್ಕೆಟ್‌ನಲ್ಲಿ, ಹಿಂಗಾರಿ ಜೋಳ ಬಂದಾಗಲೇ ಮಾಲ್ದಂಡಿ ತಳಿಯ ಜೋಳ ಚೀಲಗಟ್ಟಲೆ ಕೊಂಡು ಇಡುತ್ತೇವೆ. ಹೈಬ್ರಿಡ್ ಜೋಳ ಅಗ್ಗ ಅಂತ ತಂದು ಹಾಕಿದರೆ ಮಷಿನ್ ಮೇಲೆ ನಿಲ್ಲುವುದಿಲ್ಲ. ಹಿಟ್ಟು ಹಳತಾದರೂ ಅಷ್ಟೇ. ಮೂರ್ನಾಲ್ಕು ದಿನಕ್ಕೆ ಸಾಕಾಗುವಷ್ಟೇ ಗಿರಣಿಗೆ ಒಯ್ಯಿರಿ. ನುಣ್ಣಗೆ ಬೀಸಿಸಿ, ಆಮೇಲೆ ಜರಡಿ ಹಿಡಿಯಿರಿ. ಒಂದು ಸಣ್ಣ ಕಲ್ಲು ಇದ್ದರೂ ಪ್ಲಾಸ್ಟಿಕ್ ಹಾಳೆ ತೂತು ಬೀಳುತ್ತದೆ. ಹಾಳೆ ಬಗ್ಗೆ ಇನ್ನೊಂದು ಮಾತು: ಆಹಾರಕ್ಕೆ ಬಳಸುವಂಥ ದಪ್ಪ ಹಾಳೆಯನ್ನೇ ತಗೊಳ್ಳಿ, ಮಾಸುವ ಮೊದಲೇ ಬದಲಿಸಿ. ತೆಳು ಪಾಲಿಥೀನ್ ಚೂರು ರೊಟ್ಟಿಯಲ್ಲಿ ಸಿಕ್ಕರೆ ಆ ಗಿರಾಕಿ ಮತ್ತೆ ಬರುವುದಿಲ್ಲ.

ಹಿಟ್ಟು ನಾದುವ ಮಷಿನ್ ಬೇರೆ ಸಿಗುತ್ತದೆ. ಒಂದು ಸಣ್ಣದನ್ನು ನಾವೂ ತಗೊಂಡೆವು. ಇದರ ಬಗ್ಗೆ ನನಗೆ ದೂರೇ ಇಲ್ಲ. ಸುಡುವ ಎಸರು ಹಾಕಿದ ಹಿಟ್ಟನ್ನು ದಿನಾ ಹದಿನೈದು ಕೆಜಿ ಕೈಯಲ್ಲಿ ನಾದಿದವರಿಗೆ ಅದರ ಬೆಲೆ ಗೊತ್ತು. ಅಕ್ಕನ ಮಣಿಕಟ್ಟು ನೋವು ಕಡಿಮೆಯಾಗಿದ್ದು ನಾದುವ ಮಷಿನ್ ಬಂದ ಮೇಲೆ, ಒತ್ತುವ ಮಷಿನ್ ಬಂದ ಮೇಲೆ ಅಲ್ಲ. ಒಂದೇ ಸಲಕ್ಕೆ ಐದು ಕೆಜಿ ಹಾಕಬೇಡಿ, ಅಷ್ಟೇ. ಜೋಳದ ಹಿಟ್ಟು ತಣ್ಣಗಾದರೆ ಜಿಗಿ ಹೋಗುತ್ತದೆ. ಎರಡೆರಡು ಕೆಜಿ ನಾದುತ್ತಾ ಹೋದರೆ ಸರಿ.

ರುಚಿ ಹೇಗಿರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಖಾನಾವಳಿಗೆ ಮಷಿನ್ ರೊಟ್ಟಿ ಕೊಡಲು ಶುರು ಮಾಡಿದಾಗ ಊಟಕ್ಕೆ ಬಂದವರು ಯಾರೂ ಏನೂ ಅನ್ನಲಿಲ್ಲ. ಪುಂಡಿಪಲ್ಯ, ಎಣ್ಣೆಗಾಯಿ ಜೊತೆ ಮುರಿದುಕೊಂಡು ತಿನ್ನುವವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಖಾನಾವಳಿ ಮಾಲೀಕರು ಮಾತ್ರ "ರೊಟ್ಟಿ ಸಣ್ಣದಾಗ್ಯಾವಲ್ರಿ" ಅಂದರು. ನಿಜವೇ. ಅದೇ ಉಂಡೆಯನ್ನು ಅತ್ತೆ ಬಡಿದರೆ 11 ಇಂಚು ಬರುತ್ತದೆ, ಅಂಚು ಹಪ್ಪಳದಷ್ಟು ತೆಳುವಾಗಿರುತ್ತದೆ. ಮಷಿನ್ ರೊಟ್ಟಿ ಅಂಚಿನಿಂದ ನಡುವಿನ ತನಕ ಒಂದೇ ದಪ್ಪ. ಬಾಯಲ್ಲಿ ಇಟ್ಟಾಗ ಕೈ ರೊಟ್ಟಿಯಷ್ಟು ಹಗುರಾಗಿ ಪುಡಿಯಾಗುವುದಿಲ್ಲ. ತೆಳುವಾಗಲಿ ಅಂತ ಸ್ಕ್ರೂ ಬಿಗಿ ಮಾಡಿದರೆ ಉಬ್ಬುವುದಿಲ್ಲ.

ಬೆಂಗಳೂರಿಗೆ ಒಯ್ಯುವವರ ಕಥೆ ಬೇರೆ. ಅವರು ಪ್ಯಾಕೆಟ್ ಬೆಳಕಿಗೆ ಹಿಡಿದು ನೋಡುತ್ತಾರೆ. ಬೆರಳಿನ ಗುರುತು ಕಾಣದಿದ್ದರೆ "ಇದು ಮಷಿನ್‌ದಾ?" ಅನ್ನುತ್ತಾರೆ. ಸುಳ್ಳು ಹೇಳುವ ಉಸಾಬರಿ ಬೇಡ ಅಂತ ನಾವು ಎರಡು ಥರ ಇಟ್ಟಿದ್ದೇವೆ. ಮಷಿನ್ ರೊಟ್ಟಿ 8 ರೂಪಾಯಿ, ಕೈ ರೊಟ್ಟಿ 10 ರೂಪಾಯಿ. ಪ್ಯಾಕೆಟ್ ಮೇಲೆ ಹಾಗೇ ಬರೆದಿದ್ದೇವೆ. ಕೈ ರೊಟ್ಟಿ ಅತ್ತೆ ಬಡಿಯುತ್ತಾರೆ, ದಿನಕ್ಕೆ ಐವತ್ತು ಅರವತ್ತು. ಮಷಿನ್ ತರುವಾಗ "ಇನ್ನ ನಾ ಏನ್ ಮಾಡ್ಲಿ ಯವ್ವಾ" ಅಂದವರು, ಈಗ ತಮ್ಮ ರೊಟ್ಟಿಗೆ ಎರಡು ರೂಪಾಯಿ ಜಾಸ್ತಿ ಅಂತ ಬಂದವರಿಗೆಲ್ಲ ಹೇಳುತ್ತಾರೆ. ವ್ಯಾಪಾರದಲ್ಲಿ ನಾನು ನಿರೀಕ್ಷೆ ಮಾಡದೆ ಬಂದ ಲಾಭ ಇದು. ಮಷಿನ್ ಬಂದ ಮೇಲೆಯೇ ಕೈ ರೊಟ್ಟಿಗೆ ಬೇರೆ ರೇಟ್ ಕೇಳಲು ಸಾಧ್ಯವಾಯಿತು. ಮೊದಲು ಎಲ್ಲವೂ ಕೈಯದೇ, ಎಲ್ಲಕ್ಕೂ ಒಂದೇ ರೇಟ್.

ಸಜ್ಜೆ ರೊಟ್ಟಿಗೆ ಮಷಿನ್ ಬೇಡವೇ ಬೇಡ. ಎಳ್ಳು ಹಚ್ಚಿ ಒತ್ತಿದರೆ ಎಳ್ಳೆಲ್ಲ ಹಾಳೆಗೆ ಅಂಟುತ್ತದೆ. ಎಳ್ಳಮಾವಾಸ್ಯೆ ಹತ್ತಿರ ಬಂದಾಗ ಹೊಲಕ್ಕೆ ಚರಗ ಚೆಲ್ಲಲು ಹೋಗುವವರು ಸಜ್ಜೆ ರೊಟ್ಟಿಯನ್ನೇ ಕೇಳುತ್ತಾರೆ. ಆ ವಾರ ಮಷಿನ್‌ಗೆ ಬಟ್ಟೆ ಹೊದಿಸಿ ಎಲ್ಲರೂ ಕೈಯಲ್ಲಿ ಬಡಿಯುತ್ತೇವೆ.

ಕೂಲಿಯ ಮಾತು ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಮೊದಲು ಅಕ್ಕ, ವೈನಿ ಇಬ್ಬರಿಗೂ ರೊಟ್ಟಿಗೆ ಎರಡೂವರೆ ರೂಪಾಯಿ. ಮಷಿನ್ ಬಂದ ಮೇಲೆ 1 ರೂಪಾಯಿ 70 ಪೈಸೆ ಅಂದಾಗ ಅಕ್ಕ ಮುಖ ಗಂಟು ಹಾಕಿದರು. "ಮಷಿನ್ ನಿಮ್ಮದು, ಕೂಲಿ ನಮ್ಮದು ಕಡಿಮಿ ಮಾಡ್ತೀರಿ, ಇದ್ಯಾವ ನ್ಯಾಯರಿ?" ನ್ಯಾಯವಾದ ಪ್ರಶ್ನೆಯೇ. ಕೂತು ಲೆಕ್ಕ ಹಾಕಿದೆವು. ಮೊದಲು ತಾಸಿಗೆ 70 ರೊಟ್ಟಿ, ಇಬ್ಬರಿಗೂ ಸೇರಿ 175 ರೂಪಾಯಿ. ಈಗ 140 ರೊಟ್ಟಿ, 238 ರೂಪಾಯಿ. ಒತ್ತುವವಳು ನಾನು, ನನ್ನ ಕೂಲಿ ಇದರಲ್ಲಿ ಇಲ್ಲ. ಒಬ್ಬೊಬ್ಬರಿಗೆ ತಾಸಿಗೆ 87ರ ಜಾಗದಲ್ಲಿ 119 ಆಯಿತು. ಆದರೆ ಅಕ್ಕ ಇನ್ನೊಂದು ಮಾತು ಹಿಡಿದರು: ಆರ್ಡರ್ ಅಷ್ಟೇ ಇದ್ದರೆ ಕೆಲಸ ಬೇಗ ಮುಗಿಯುತ್ತದೆ, ದಿನದ ಕೂಲಿ ಕಡಿಮೆಯೇ ಆಗುತ್ತದೆ. ಅದೂ ಸರಿ. ಕೊನೆಗೆ ದಿನಕ್ಕೆ ಇಷ್ಟು ಅಂತ ಒಂದು ಕನಿಷ್ಠ ಕೂಲಿ ಕಟ್ಟಿದೆವು, ರೊಟ್ಟಿ ಕಡಿಮೆ ಆದ ದಿನ ಹಿಂಡಿ ಕುಟ್ಟುವ, ಪ್ಯಾಕ್ ಮಾಡುವ ಕೆಲಸ ಕೊಟ್ಟೆವು. ಮಷಿನ್ ತರುವ ಮೊದಲೇ ಈ ಮಾತು ಆಡಿ ಮುಗಿಸಿ. ಕೈ ತಿಳಿದ ಹೆಣ್ಣುಮಗಳು ಬಿಟ್ಟು ಹೋದರೆ ಮಷಿನ್ ನಿಮ್ಮ ರೊಟ್ಟಿ ತಿರುವುವುದಿಲ್ಲ.

ದುಡ್ಡಿನ ಲೆಕ್ಕ ಸರಳ. ಒಂದು ಕೆಜಿ ಹಿಟ್ಟಿಗೆ ಸುಮಾರು 20 ರೊಟ್ಟಿ. ಜೋಳ, ಗಿರಣಿ, ಗ್ಯಾಸ್, ಪ್ಯಾಕೆಟ್ ಖರ್ಚು ಎರಡೂ ಥರಕ್ಕೆ ಒಂದೇ. ಮಷಿನ್‌ನಿಂದ ಉಳಿಯುವುದು ಕೂಲಿಯಲ್ಲಿ, ರೊಟ್ಟಿಗೆ 80 ಪೈಸೆ. ದಿನಕ್ಕೆ 300, ತಿಂಗಳಿಗೆ 26 ದಿನ ಅಂದರೆ ಸುಮಾರು 6,200 ರೂಪಾಯಿ. ಏಳು ತಿಂಗಳಿಗೆ ಮಷಿನ್ ದುಡ್ಡು ವಾಪಸ್. ದಿನಕ್ಕೆ 100 ಮಾಡುವವರಿಗೆ ಅದೇ ದುಡ್ಡು ಬರಲು 20 ತಿಂಗಳು ಬೇಕು. ಅಷ್ಟರಲ್ಲಿ ಬೆಲ್ಟ್, ಸ್ಪ್ರಿಂಗ್, ರಿಪೇರಿ ಅಂತ ಇನ್ನಷ್ಟು ಹೋಗಿರುತ್ತದೆ. ಇದರಲ್ಲಿ ಉದ್ರಿ ಲೆಕ್ಕ ಹಿಡಿದಿಲ್ಲ. ಕಿರಾಣಿ ಅಂಗಡಿಗೆ ಮಾಲು ಕೊಟ್ಟು ತಿಂಗಳುಗಟ್ಟಲೆ ಕಾಯುವವರಿಗೆ ಯಾವ ಮಷಿನ್ ತಂದರೂ ಲಾಭ ಕಾಣುವುದಿಲ್ಲ. ನಾವು ಅಂಗಡಿಗೆ ಕೊಡುವುದನ್ನೇ ಬಿಟ್ಟಿದ್ದೇವೆ. ಖಾನಾವಳಿಯವರು ವಾರಕ್ಕೊಮ್ಮೆ ಫೋನ್‌ಪೇ ಮಾಡುತ್ತಾರೆ, ಉಳಿದವರು ಮುಂಗಡ ಕೊಡುತ್ತಾರೆ.

ಸಬ್ಸಿಡಿ ಬಗ್ಗೆ ಕೇಳುವವರು ಬಹಳ. ಕೇಂದ್ರದ ಪಿಎಂಎಫ್‌ಎಂಇ ಅನ್ನುವ ಯೋಜನೆ 2020ರಲ್ಲಿ ಶುರುವಾಗಿದ್ದು. ಸಣ್ಣ ಆಹಾರ ಘಟಕಗಳಿಗೆ ಶೇ 35 ಸಹಾಯಧನ, ಅದರ ಮೇಲೆ ನಮ್ಮ ರಾಜ್ಯದವರು ಶೇ 15 ಸೇರಿಸಿದ್ದರು. ಆದರೆ ಅದು ಬ್ಯಾಂಕ್ ಸಾಲದ ಜೊತೆ ಬರುವ ಸಬ್ಸಿಡಿ. ಕೈದುಡ್ಡು ಕೊಟ್ಟು ಮಷಿನ್ ತಂದು, ಆಮೇಲೆ ಬಿಲ್ ತೋರಿಸಿದರೆ ಸಿಗುವಂಥದ್ದಲ್ಲ. ನಮ್ಮದು ಸಣ್ಣ ಮೊತ್ತ, ಸಾಲದ ತಂಟೆ ಬೇಡ ಅಂತ ಉಳಿತಾಯದಲ್ಲೇ ತಗೊಂಡೆವು. ನಾದುವ ಮಷಿನ್, ಒತ್ತುವ ಮಷಿನ್, ಶೆಡ್, ಪ್ಯಾಕಿಂಗ್ ಎಲ್ಲ ಒಟ್ಟಿಗೆ ಮಾಡುವವರು ಕೊಳ್ಳುವ ಮೊದಲೇ ಕೃಷಿ ಇಲಾಖೆಗೆ ಹೋಗಿ, ಈಗ ಏನು ನಡೆಯುತ್ತಿದೆ ಅಂತ ಕೇಳಿಕೊಂಡು ಬನ್ನಿ.

ಕಾಗದಪತ್ರ ಅಷ್ಟೇನೂ ಕಷ್ಟ ಇಲ್ಲ. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ನೋಂದಣಿ ಆನ್‌ಲೈನ್‌ನಲ್ಲೇ ಆಯಿತು. ನಾವು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವ್ಯಾಪಾರಕ್ಕೆ ಫೀ 100 ರೂಪಾಯಿ. 14 ಅಂಕಿಯ ಆ ನಂಬರ್ ಪ್ಯಾಕೆಟ್ ಮೇಲೆ ಇರಬೇಕು. ಜೊತೆಗೆ ತೂಕ, ಪ್ಯಾಕ್ ಮಾಡಿದ ದಿನ, ಎಂಆರ್‌ಪಿ, ವಿಳಾಸ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಪುಕ್ಕಟೆ, ಯಾರಿಗೂ ದುಡ್ಡು ಕೊಡಬೇಡಿ. ರೊಟ್ಟಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಮೊದಲು ಶೇ 5 ಇತ್ತು.

ಕರೆಂಟ್ ವಿಷಯಕ್ಕೆ ಬರೋಣ. 1 ಎಚ್‌ಪಿ ಮೋಟಾರ್ ನಾಲ್ಕು ತಾಸು ಓಡಿದರೆ ಮೂರು ಯೂನಿಟ್. ಇದೇನು ಭಾರ ಅಲ್ಲ. ಆದರೆ ಗೃಹಜ್ಯೋತಿ ಇರುವುದು ಮನೆ ಬಳಕೆಗೆ. ವ್ಯಾಪಾರದ ಮೋಟಾರ್ ಅದೇ ಮೀಟರ್‌ಗೆ ಹಾಕಬೇಡಿ, ಬೇರೆ ಮೀಟರ್ ತಗೊಳ್ಳಿ. ಗ್ಯಾಸ್ ಕೂಡ ಹಾಗೇ, ಮನೆಯ 14.2 ಕೆಜಿ ಸಿಲಿಂಡರ್ ಅಲ್ಲ, 19 ಕೆಜಿಯ ಕಮರ್ಷಿಯಲ್ ಸಿಲಿಂಡರ್. ಅರ್ಥಿಂಗ್ ಸರಿಯಾಗಿದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಒದ್ದೆ ಕೈಯಲ್ಲಿ ಮಾಡುವ ಕೆಲಸ ಇದು.

ನನಗೆ ಸಿಟ್ಟು ಬಂದಿದ್ದು ಮಷಿನ್‌ನ ಬೆಲ್ಟ್ ನೋಡಿ. ಮೋಟಾರ್‌ನಿಂದ ಬರುವ ಬೆಲ್ಟ್‌ಗೆ ಮುಚ್ಚಳವೇ ಇರಲಿಲ್ಲ. ಅದು ಓಡುವುದು ಸರಿಯಾಗಿ ಸೀರೆ ಸೆರಗು ಬರುವ ಎತ್ತರದಲ್ಲಿ. ಇದನ್ನು ಮಾಡಿದವರಿಗೆ ಇದರ ಮುಂದೆ ನಿಲ್ಲುವವರು ಯಾರು ಅಂತ ಗೊತ್ತಿರಲಿಲ್ಲವಾ? ಫೋನ್ ಮಾಡಿದರೆ "ಎಲ್ಲರೂ ಹಾಗೇ ಓಡಸ್ತಾರ್ರಿ" ಅಂದರು. ನಾವೇ ವೆಲ್ಡಿಂಗ್ ಅಂಗಡಿಯಲ್ಲಿ ತಗಡಿನ ಮುಚ್ಚಳ ಮಾಡಿಸಿ ಹಾಕಿದೆವು. ಪೆಡಲ್ ತುಳಿಯುವವರೇ ಉಂಡೆ ಇಡಬೇಕು ಅನ್ನುವುದು ನಮ್ಮ ಮನೆಯ ಕಟ್ಟುನಿಟ್ಟು. ಒಬ್ಬರು ಉಂಡೆ ಇಡುವುದು, ಇನ್ನೊಬ್ಬರು ತುಳಿಯುವುದು ಮಾಡಿದರೆ ಬೆರಳು ಹೋಗುತ್ತದೆ.

ಸರ್ವಿಸ್ ಬಗ್ಗೆ ಹೇಳುವಂಥದ್ದು ಏನೂ ಒಳ್ಳೆಯದಿಲ್ಲ. ಒಂದು ವರ್ಷ ಗ್ಯಾರಂಟಿ ಅಂತ ಬಾಯಲ್ಲಿ ಹೇಳಿದ್ದರು, ಬಿಲ್ ಮೇಲೆ ಬರೆದಿರಲಿಲ್ಲ. ಲಗ್ನದ ಸೀಸನ್‌ನಲ್ಲಿ ಪ್ಲೇಟ್ ಎತ್ತುವ ಸ್ಪ್ರಿಂಗ್ ಮುರಿಯಿತು. ಇವತ್ತು ನಾಳೆ ಅನ್ನುತ್ತಾ ವಾರ ಕಳೆದರು. ಕೊನೆಗೆ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಬ್ಬರು ಅಳತೆ ನೋಡಿ ಸ್ಪ್ರಿಂಗ್ ಮಾಡಿಕೊಟ್ಟರು, ಮೊದಲಿನದಕ್ಕಿಂತ ಗಟ್ಟಿ. ಆ ವಾರದ ಆರ್ಡರ್ ಕೈಯಲ್ಲೇ ಬಡಿದು ಮುಗಿಸಿದೆವು. ಒಂದು ಸ್ಪ್ರಿಂಗ್, ಒಂದು ಬೆಲ್ಟ್ ಯಾವಾಗಲೂ ಮನೆಯಲ್ಲಿ ಇಟ್ಟುಕೊಂಡಿರಿ.

ಸಪ್ಪಳ ಇದೆ. ನಾವು ಬಿಸಿಲಿಗೆ ಹೆದರಿ ಬೆಳಗ್ಗೆ ಐದಕ್ಕೆ ಶುರು ಮಾಡುತ್ತೇವೆ. ನಾಲ್ಕು ಒಲೆ ಹಚ್ಚಿ ತಗಡಿನ ಶೆಡ್‌ನಲ್ಲಿ ಮಧ್ಯಾಹ್ನ ನಿಲ್ಲಲು ಆಗುವುದಿಲ್ಲ. ಮಷಿನ್ ಕೆಳಗೆ ದಪ್ಪ ರಬ್ಬರ್ ಹಾಕಿದ ಮೇಲೆ ಪಕ್ಕದ ಮನೆಯ ಕಾಕಾ ಸುಮ್ಮನಾದರು. ಆಗಾಗ ಅವರ ಮನೆಗೂ ಹತ್ತು ರೊಟ್ಟಿ, ಒಂದು ಪೊಟ್ಟಣ ಶೇಂಗಾ ಹಿಂಡಿ ಹೋಗುತ್ತದೆ ಅನ್ನಿ.

ಅಂಕ ಕೊಡಬೇಕೆಂದರೆ ಒತ್ತುವ ಕೆಲಸಕ್ಕೆ ಐದಕ್ಕೆ ನಾಲ್ಕು, ಮಷಿನ್ ಮಾಡಿದ ರೀತಿಗೆ ಎರಡೂವರೆ, ಮಾರಿದವರ ಸರ್ವಿಸ್‌ಗೆ ಒಂದು. ಆದರೂ ಮಾರುವುದಿಲ್ಲ, ಇಟ್ಟುಕೊಳ್ಳುತ್ತೇನೆ. ಲಗ್ನದ ಮನೆಯವರು ರಾತ್ರಿ ಫೋನ್ ಮಾಡಿ "ನಾಳೆ ಸಂಜಿಗೆ 500 ಬೇಕ್ರಿ" ಅಂದರೆ ಮೊದಲು ಆಗುವುದಿಲ್ಲ ಅನ್ನುತ್ತಿದ್ದೆ, ಈಗ ಅಡ್ವಾನ್ಸ್ ಕೇಳುತ್ತೇನೆ.

ನೀವು ತಗೊಳ್ಳಲೇಬೇಕು ಅಂತ ಹೊರಟಿದ್ದರೆ ಡೆಮೊ ನೋಡಲು ನಿಮ್ಮ ಮನೆಯ ಹಿಟ್ಟು ನೀವೇ ಒಯ್ಯಿರಿ. ಅಲ್ಲೇ ಎಸರು ಕಾಯಿಸಲು ಹೇಳಿ. ಅವರು ಮೊದಲೇ ನಾದಿಟ್ಟ ಉಂಡೆಯಲ್ಲಿ ಏನು ಸೇರಿಸಿದ್ದಾರೋ ಗೊತ್ತಾಗುವುದಿಲ್ಲ. ಐವತ್ತು ರೊಟ್ಟಿಯನ್ನಾದರೂ ಬಿಡದೆ ಒತ್ತಿಸಿ ನೋಡಿ, ಮೊದಲ ಐದಾರು ಎಲ್ಲ ಮಷಿನ್‌ನಲ್ಲೂ ಚೆನ್ನಾಗಿಯೇ ಬರುತ್ತವೆ. ಜೊತೆಗೆ ರೊಟ್ಟಿ ಬಡಿಯುವವರನ್ನೇ ಕರೆದುಕೊಂಡು ಹೋಗಿ. ನಮ್ಮ ಅತ್ತೆ ಒಂದು ಅಂಗಡಿಯಲ್ಲಿ ಮೂರನೇ ರೊಟ್ಟಿಗೇ "ಏಳ್ ನಡಿ, ಇದು ಅಂಚ್ ಹಿಡಿಯಂಗಿಲ್ಲ" ಅಂತ ಎದ್ದುಬಿಟ್ಟಿದ್ದರು. ಆ ಮಷಿನ್ 65,000 ರೂಪಾಯಿಯದು.